ವಿದ್ಯುತ್ ಸ್ಮೋಕರ್

ವಿದ್ಯುತ್ ಸ್ಮೋಕರ್ ಎಂಬುದು ಮಾಂಸ, ಮೀನು, ಚೀಸ್ ಮುಂತಾದ ಆಹಾರಗಳನ್ನು ಕಡಿಮೆ ಶಾಖದಲ್ಲಿ, ದೀರ್ಘಕಾಲ, ಕಟ್ಟಿಗೆಯ ಹೊಗೆಯೂಡಿಸಿ ಬೇಯಿಸುವ ಗೃಹೋಪಯೋಗಿ ಉಪಕರಣ. ಇದರಲ್ಲಿ ಶಾಖವನ್ನು ವಿದ್ಯುತ್ ತಾಪಕ ಸುರುಳಿ ಒದಗಿಸುತ್ತದೆ. ಕಟ್ಟಿಗೆಯ ಚೂರುಗಳನ್ನು ಹೊಗೆಗಾಗಿ ಮಾತ್ರ ಬಳಸಲಾಗುತ್ತದೆ. ಇದ್ದಿಲು ಅಥವಾ ಸೌದೆಯ ಒಲೆಗಳಲ್ಲಿ ಉರಿಯನ್ನು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಇಲ್ಲಿ ಆ ಕೆಲಸವನ್ನು ಉಷ್ಣನಿಯಂತ್ರಕ ಮಾಡುತ್ತದೆ. ಈ ಕಾರಣದಿಂದ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಹೊಗೆಪಾಕವನ್ನು ಹೊಸದಾಗಿ ಕಲಿಯುವವರು ಹೆಚ್ಚಾಗಿ ಈ ಉಪಕರಣದಿಂದಲೇ ಆರಂಭಿಸುತ್ತಾರೆ. ಬಳಕೆ ಸರಳವಾದರೂ ಜೋಡಣೆ, ವಿದ್ಯುತ್ ಸಂಪರ್ಕ ಮತ್ತು ಮಾಂಸದ ಒಳತಾಪದ ವಿಷಯದಲ್ಲಿ ಆಗುವ ತಪ್ಪುಗಳು ಬೆಂಕಿ, ವಿದ್ಯುದಾಘಾತ ಹಾಗೂ ಆಹಾರವಿಷಕ್ಕೆ ಕಾರಣವಾಗಬಲ್ಲವು.

ಈ ಲೇಖನದಲ್ಲಿ ನೀಡಿರುವ ತಾಪಮಾನಗಳೆಲ್ಲ ಸೆಲ್ಸಿಯಸ್ ಮಾನದಲ್ಲಿವೆ.

ಹಿನ್ನೆಲೆ

ಮಾಂಸ ಮತ್ತು ಮೀನುಗಳನ್ನು ಹೊಗೆಯಲ್ಲಿ ಒಣಗಿಸಿ ಕಾಪಿಡುವ ಪದ್ಧತಿ ಪ್ರಪಂಚದ ಹಲವು ಭಾಗಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಹೊಗೆಯಲ್ಲಿರುವ ಫೀನಾಲ್‌ಗಳು, ಫಾರ್ಮಾಲ್ಡಿಹೈಡ್ ಮತ್ತು ಸಾವಯವ ಆಮ್ಲಗಳು ಮಾಂಸದ ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತವೆ. ಉಪ್ಪು ಹಾಗೂ ಒಣಗುವಿಕೆಗಳು ಇದಕ್ಕೆ ನೆರವಾಗುತ್ತವೆ. ಭಾರತದಲ್ಲಿ ನಾಗಾಲ್ಯಾಂಡ್‌ನ ಹೊಗೆಯೂಡಿಸಿದ ಹಂದಿಮಾಂಸ ಮತ್ತು ಲಕ್ಷದ್ವೀಪದ ಮಾಸ್‌ಮೀನ್ ಈ ಬಗೆಯ ಆಹಾರಗಳಿಗೆ ಉದಾಹರಣೆಗಳು. ಮಾಸ್‌ಮೀನ್ ತಯಾರಿಕೆಯಲ್ಲಿ ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯೂಡಿಸಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಕೊಡಗಿನ ಹಳೆಯ ಮನೆಗಳಲ್ಲಿಯೂ ಮಾಂಸವನ್ನು ಸೌದೆಯ ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುವ ರೂಢಿಯಿತ್ತು.

ಹೊಗೆಯೂಡಿಕೆಯನ್ನು ಯಾಂತ್ರಿಕವಾಗಿ ನಿಯಂತ್ರಿಸುವ ಪ್ರಯತ್ನಗಳಲ್ಲಿ ಟೋರಿ ಕಿಲ್ನ್ ಮುಖ್ಯವಾದುದು. 1939ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಟೋರಿ ಸಂಶೋಧನಾ ಕೇಂದ್ರದಲ್ಲಿ ಇದನ್ನು ಮೀನಿನ ಉದ್ಯಮಕ್ಕಾಗಿ ರೂಪಿಸಲಾಯಿತು. ಗೃಹಬಳಕೆಯ ವಿದ್ಯುತ್ ಸ್ಮೋಕರ್‌ಗಳು ಪ್ರಚಾರಕ್ಕೆ ಬಂದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಮಾಸ್ಟರ್‌ಬಿಲ್ಟ್, ಚಾರ್‌ಬ್ರಾಯಿಲ್, ಬ್ರಾಡ್ಲಿ, ಕುಕ್‌ಶ್ಯಾಕ್ ಇವು ಈ ಕ್ಷೇತ್ರದ ಪರಿಚಿತ ಹೆಸರುಗಳು.

ರಚನೆ

ಹೆಚ್ಚಿನ ವಿದ್ಯುತ್ ಸ್ಮೋಕರ್‌ಗಳು ಸಣ್ಣ ಶೀತಕಪಾಟಿನ ಆಕಾರದಲ್ಲಿರುತ್ತವೆ. ಅವುಗಳ ಮುಖ್ಯ ಭಾಗಗಳು ಇಂತಿವೆ:

ತಾಪಕ ಸುರುಳಿ: ಪೆಟ್ಟಿಗೆಯ ತಳದಲ್ಲಿರುತ್ತದೆ. ಮನೆಬಳಕೆಯ ಮಾದರಿಗಳಲ್ಲಿ ಇದರ ಸಾಮರ್ಥ್ಯ ಸಾಮಾನ್ಯವಾಗಿ 800ರಿಂದ 1500 ವ್ಯಾಟ್.
ಚೂರು ತಟ್ಟೆ: ಸುರುಳಿಯ ಮೇಲೆ ಅಥವಾ ಪಕ್ಕದಲ್ಲಿದ್ದು ಕಟ್ಟಿಗೆಯ ಚೂರುಗಳನ್ನು ಹಿಡಿಯುತ್ತದೆ. ಬ್ರಾಡ್ಲಿ ಮಾದರಿಯಲ್ಲಿ ಚೂರುಗಳ ಬದಲು ಒತ್ತಿ ತಯಾರಿಸಿದ ಕಟ್ಟಿಗೆಯ ಬಿಲ್ಲೆಗಳನ್ನು ಬಳಸುತ್ತಾರೆ. ಪ್ರತಿ 20 ನಿಮಿಷಕ್ಕೊಂದು ಹೊಸ ಬಿಲ್ಲೆ ತಾನಾಗಿ ಮುಂದೆ ಸರಿಯುತ್ತದೆ.
ನೀರಿನ ಪಾತ್ರೆ: ಚೂರು ತಟ್ಟೆಯ ಮೇಲ್ಗಡೆ ಇರುತ್ತದೆ. ಇದು ಒಳಗಿನ ಗಾಳಿಯನ್ನು ತೇವವಾಗಿರಿಸುತ್ತದೆ, ಶಾಖದ ಏರಿಳಿತವನ್ನು ತಗ್ಗಿಸುತ್ತದೆ.
ಜಾಲರಿಗಳು: ಆಹಾರವನ್ನು ಇಡುವ ತಂತಿಯ ಅಂತಸ್ತುಗಳು.
ಹೊಗೆಕಿಂಡಿ: ಹೊಗೆ ಮತ್ತು ಆವಿ ಹೊರಹೋಗಲು ಮೇಲ್ಭಾಗದಲ್ಲಿರುವ, ತೆರೆದು ಮುಚ್ಚಬಹುದಾದ ದ್ವಾರ.
ಎಣ್ಣೆತಟ್ಟೆ: ಕರಗಿದ ಕೊಬ್ಬನ್ನು ಸಂಗ್ರಹಿಸುತ್ತದೆ.
ನಿಯಂತ್ರಕ: ಒಳಗಿನ ತಾಪಸಂವೇದಕದ ಮಾಹಿತಿಯಂತೆ ಸುರುಳಿಗೆ ವಿದ್ಯುತ್ತನ್ನು ಹರಿಸುತ್ತದೆ ಅಥವಾ ನಿಲ್ಲಿಸುತ್ತದೆ.

ಕಾರ್ಯತತ್ತ್ವ

ಕಟ್ಟಿಗೆಯು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳಿಂದ ಕೂಡಿದೆ. ಸಾಕಷ್ಟು ಗಾಳಿ ಸಿಗದ ಸ್ಥಿತಿಯಲ್ಲಿ ಅದನ್ನು ಕಾಯಿಸಿದಾಗ ಜ್ವಾಲೆ ಏಳದೆ ಕಟ್ಟಿಗೆ ವಿಘಟನೆ ಹೊಂದುತ್ತದೆ. ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್‌ಗಳಿಂದ ಸಿಹಿಗಂಧದ ಸಂಯುಕ್ತಗಳೂ ಆಮ್ಲಗಳೂ ಹುಟ್ಟುತ್ತವೆ. ಲಿಗ್ನಿನ್‌ನಿಂದ ಹುಟ್ಟುವ ಗ್ವಾಯಕಾಲ್ ಮತ್ತು ಸಿರಿಂಗಾಲ್ ಎಂಬ ಫೀನಾಲ್‌ಗಳು ಹೊಗೆಪಾಕದ ವಿಶಿಷ್ಟ ರುಚಿ ಮತ್ತು ಪರಿಮಳಕ್ಕೆ ಬಹುಮಟ್ಟಿಗೆ ಕಾರಣ.

ವಿದ್ಯುತ್ ಸ್ಮೋಕರ್‌ನಲ್ಲಿ ಚೂರುಗಳನ್ನು ಸುಡುವುದೂ ಪೆಟ್ಟಿಗೆಯನ್ನು ಬಿಸಿಮಾಡುವುದೂ ಒಂದೇ ಸುರುಳಿ. ಆದುದರಿಂದ ಸುರುಳಿ ಹೊತ್ತಿರುವಾಗ ಮಾತ್ರ ಚೂರುಗಳು ಹೊಗೆಯಾಡುವಷ್ಟು ಕಾಯುತ್ತವೆ. ಪೆಟ್ಟಿಗೆ ನಿಗದಿತ ತಾಪವನ್ನು ಮುಟ್ಟಿ ಸುರುಳಿ ಆರಿದೊಡನೆ ಹೊಗೆಯೂ ಕುಗ್ಗುತ್ತದೆ. ಹೊಸ ಬಳಕೆದಾರರು ಎದುರಿಸುವ ಹಲವು ತೊಂದರೆಗಳ ಮೂಲ ಈ ಒಂದು ಸಂಗತಿಯಲ್ಲಿದೆ.

ಸೌದೆ ಅಥವಾ ಇದ್ದಿಲಿನಲ್ಲಿ ಬೇಯಿಸಿದ ಮಾಂಸದ ಅಂಚಿನಲ್ಲಿ ಕಾಣುವ ನಸುಗೆಂಪು ಪಟ್ಟಿ ವಿದ್ಯುತ್ ಸ್ಮೋಕರ್‌ನಲ್ಲಿ ಸರಿಯಾಗಿ ಮೂಡುವುದಿಲ್ಲ. ದಹನದಲ್ಲಿ ಉಂಟಾಗುವ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗಳು ಮಾಂಸದ ಮಯೋಗ್ಲೋಬಿನ್‌ನೊಡನೆ ಸೇರಿ ಆ ಬಣ್ಣ ಬರುತ್ತದೆ. ಇಲ್ಲಿ ದಹನ ಕಡಿಮೆಯಾದ್ದರಿಂದ ಆ ಅನಿಲಗಳೂ ಕಡಿಮೆ. ಈ ಪಟ್ಟಿಗೆ ರುಚಿಯೊಡನೆ ಸಂಬಂಧವಿಲ್ಲ. ಆದುದರಿಂದ ಅದು ಮೂಡದಿರುವುದು ಉಪಕರಣದ ದೋಷವಲ್ಲ.

ಸ್ಥಳ ಮತ್ತು ವಿದ್ಯುತ್ ಸಂಪರ್ಕ

ವಿದ್ಯುತ್ತಿನಿಂದ ನಡೆಯುತ್ತದೆ ಎಂಬ ಕಾರಣಕ್ಕೆ ಈ ಉಪಕರಣವನ್ನು ಮನೆಯೊಳಗೆ ಬಳಸಬಹುದೆಂದು ಭಾವಿಸುವುದು ಅಪಾಯಕಾರಿ. ಹೊಗೆಯಾಡುವ ಕಟ್ಟಿಗೆಯಿಂದ ಬಣ್ಣವೂ ವಾಸನೆಯೂ ಇಲ್ಲದ, ಪ್ರಾಣಾಂತಕವಾಗಬಲ್ಲ ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಅಡುಗೆಮನೆ, ಮುಚ್ಚಿದ ಬಾಲ್ಕನಿ, ಕಾರುಶೆಡ್ಡು ಇವು ಯಾವುವೂ ಸೂಕ್ತ ಸ್ಥಳಗಳಲ್ಲ. ಮಳೆ ತಾಗದ, ಗಾಳಿ ನೇರವಾಗಿ ಬೀಸದ, ಸಮತಟ್ಟಾದ ಬಯಲಿನಲ್ಲಿ, ಗೋಡೆ ಹಾಗೂ ಉರಿಯಬಲ್ಲ ವಸ್ತುಗಳಿಂದ ಕೈಪಿಡಿ ಸೂಚಿಸುವಷ್ಟು ದೂರದಲ್ಲಿ ಇದನ್ನು ನಿಲ್ಲಿಸಬೇಕು. ನೆಲ ಓರೆಯಾಗಿದ್ದರೆ ಕೊಬ್ಬು ಎಣ್ಣೆತಟ್ಟೆಗೆ ಹರಿಯದೆ ಸುರುಳಿಯ ಬಳಿ ಸೇರುತ್ತದೆ.

ಉಪಕರಣವನ್ನು ನೆಲಸಂಪರ್ಕವಿರುವ ಹೊರಿಗೆಯಲ್ಲಿಯೇ ಬಳಸಬೇಕು. ಸೋರುವಿದ್ಯುತ್ತನ್ನು ಗುರುತಿಸಿ ಸಂಪರ್ಕ ಕಡಿಯುವ ರಕ್ಷಣಾ ಸ್ವಿಚ್ಚು ಆ ಮಾರ್ಗದಲ್ಲಿರುವುದು ಅಗತ್ಯ. ಉದ್ದವಾದ ತೆಳು ತಂತಿಯನ್ನು ಸೇರಿಸುವುದು ಒಳ್ಳೆಯದಲ್ಲ. ತಾಪಕ ಸುರುಳಿಯ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ತಂತಿಯಲ್ಲಿ ವೋಲ್ಟೇಜು ಶೇಕಡಾ 10ರಷ್ಟು ಕುಸಿದರೆ ಶಾಖ ಶೇಕಡಾ 19ರಷ್ಟು ಕುಸಿಯುತ್ತದೆ. ಜೊತೆಗೆ ತಂತಿಯೇ ಬಿಸಿಯಾಗುತ್ತದೆ.

ವಿದೇಶದಿಂದ ತಂದ ಉಪಕರಣಗಳು

ಅಮೆರಿಕದಿಂದ ಮರಳುವವರು ಅಲ್ಲಿನ ಸ್ಮೋಕರ್ ಅನ್ನು ಭಾರತಕ್ಕೆ ತಂದರೆ ಮೊದಲು ಗಮನಿಸಬೇಕಾದುದು ವೋಲ್ಟೇಜು. ಅಮೆರಿಕದ ಗೃಹವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ಭಾರತದ್ದು 230 ವೋಲ್ಟ್, 50 ಹರ್ಟ್ಸ್. 120 ವೋಲ್ಟಿನಲ್ಲಿ 800 ವ್ಯಾಟ್ ಸಾಮರ್ಥ್ಯದ ಸುರುಳಿಯ ರೋಧ 18 ಓಮ್. ಅದನ್ನು ನೇರವಾಗಿ 230 ವೋಲ್ಟಿಗೆ ಜೋಡಿಸಿದರೆ ಅದು ಎಳೆಯುವ ಸಾಮರ್ಥ್ಯ ಸುಮಾರು 2,940 ವ್ಯಾಟ್, ಅಂದರೆ ಮೂರೂವರೆ ಪಟ್ಟಿಗೂ ಹೆಚ್ಚು. ಕೆಲವೇ ಕ್ಷಣಗಳಲ್ಲಿ ಸುರುಳಿ ಅಥವಾ ನಿಯಂತ್ರಕ ಸುಟ್ಟುಹೋಗುವುದು, ಬೆಂಕಿ ಹತ್ತುವುದು ಸಾಧ್ಯ. ಪ್ಲಗ್ಗಿನ ಆಕಾರವನ್ನು ಮಾತ್ರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ. ಇಂತಹ ಉಪಕರಣಕ್ಕೆ ಅದರ ವ್ಯಾಟ್‌ಗಿಂತ ಹೆಚ್ಚಿನ ಸಾಮರ್ಥ್ಯವುಳ್ಳ ವೋಲ್ಟೇಜ್ ಇಳಿಸುವ ಪರಿವರ್ತಕ ಬೇಕು. 1200 ವ್ಯಾಟ್‌ಗಿಂತ ದೊಡ್ಡದಾದ 230 ವೋಲ್ಟಿನ ಮಾದರಿಗಳಿಗೆ 6 ಆಂಪಿಯರ್ ಹೊರಿಗೆಯ ಬದಲು 16 ಆಂಪಿಯರ್ ಹೊರಿಗೆಯನ್ನು ಬಳಸುವುದು ಕ್ಷೇಮ.

ಮೊದಲ ಬಳಕೆಗೆ ಮುನ್ನ

ಹೊಸ ಉಪಕರಣದಲ್ಲಿ ನೇರವಾಗಿ ಆಹಾರವನ್ನು ಬೇಯಿಸಬಾರದು. ತಯಾರಿಕೆಯ ಹಂತದಲ್ಲಿ ಉಳಿದ ಎಣ್ಣೆ, ಧೂಳು ಹಾಗೂ ಅಂಟಿನ ವಾಸನೆಯನ್ನು ತೆಗೆಯಲು ಖಾಲಿ ಪೆಟ್ಟಿಗೆಯನ್ನು ಒಮ್ಮೆ ಕಾಯಿಸಿ ಹದಗೊಳಿಸುವುದು ವಾಡಿಕೆ. ಇದರ ಕ್ರಮ ಹೀಗಿದೆ:

1. ಒಳಗಿನ ಕಾಗದ, ಪ್ಲಾಸ್ಟಿಕ್ ಹಾಳೆ, ಅಂಟುಚೀಟಿಗಳನ್ನು ತೆಗೆಯಬೇಕು. ಜಾಲರಿ ಮತ್ತು ತಟ್ಟೆಗಳ ಕೆಳಗೆ ಅಡಗಿದ ಹೊದಿಕೆಯನ್ನೂ ನೋಡಬೇಕು.
2. ಜಾಲರಿಗಳು, ನೀರಿನ ಪಾತ್ರೆ ಮತ್ತು ಎಣ್ಣೆತಟ್ಟೆಗಳನ್ನು ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಸುರುಳಿ ಮತ್ತು ನಿಯಂತ್ರಕಕ್ಕೆ ನೀರು ತಾಗಬಾರದು.
3. ಭಾಗಗಳನ್ನೆಲ್ಲ ಅವುಗಳ ಸ್ಥಾನದಲ್ಲಿ ಇಡಬೇಕು. ನೀರಿನ ಪಾತ್ರೆ ಖಾಲಿಯಾಗಿರಲಿ.
4. ಹೊಗೆಕಿಂಡಿಯನ್ನು ತೆರೆದು, ಸುಮಾರು 135 ಡಿಗ್ರಿಯಲ್ಲಿ 3 ಗಂಟೆಗಳ ಕಾಲ ಕಾಯಿಸಬೇಕು. ಕೈಪಿಡಿಯಲ್ಲಿ ಬೇರೆ ಸೂಚನೆಯಿದ್ದರೆ ಅದನ್ನೇ ಅನುಸರಿಸಬೇಕು.
5. ಕೊನೆಯ 45 ನಿಮಿಷಗಳಲ್ಲಿ ಅರ್ಧ ಬಟ್ಟಲಿನಷ್ಟು ಕಟ್ಟಿಗೆಯ ಚೂರು ಹಾಕಬೇಕು. ಹೊಗೆಯ ತೆಳುಲೇಪ ಒಳಗೋಡೆಗೆ ಹಿಡಿಯುತ್ತದೆ.
6. ಆರಿದ ಮೇಲೆ ಬಾಗಿಲ ಪಟ್ಟಿ, ಚಿಲಕ ಮತ್ತು ತಿರುಪುಗಳನ್ನು ಪರೀಕ್ಷಿಸಬೇಕು.

ತಾಪಮಾಪಕದ ಪರೀಕ್ಷೆ

ಉಪಕರಣದೊಡನೆ ಬರುವ ತಾಪಮಾಪಕ ಪೆಟ್ಟಿಗೆಯ ಒಂದು ಮೂಲೆಯ ತಾಪವನ್ನಷ್ಟೇ ತೋರಿಸುತ್ತದೆ. ಜಾಲರಿಯ ಮಟ್ಟದಲ್ಲಿ ಅದಕ್ಕಿಂತ ಹೆಚ್ಚು ಅಥವಾ ಕಡಿಮೆ ತಾಪವಿರಬಹುದು. ಆದುದರಿಂದ ಪ್ರತ್ಯೇಕವಾದ ಚುಚ್ಚುತಾಪಮಾಪಕವನ್ನು ಇಟ್ಟುಕೊಳ್ಳುವುದು ಅಗತ್ಯ. ಅದರ ನಿಖರತೆಯನ್ನು ಎರಡು ರೀತಿಯಲ್ಲಿ ನೋಡಬಹುದು. ಜಜ್ಜಿದ ಮಂಜುಗಡ್ಡೆಯಿಂದ ತುಂಬಿದ ನೀರಿನಲ್ಲಿ ಅದು 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನಲ್ಲಿ ಕಡಲಮಟ್ಟದ ಊರುಗಳಲ್ಲಿ 100 ಡಿಗ್ರಿ ತೋರಿಸಬೇಕು. ಎತ್ತರ ಹೆಚ್ಚಿದಂತೆ ಕುದಿಬಿಂದು ಇಳಿಯುತ್ತದೆ: ಮಂಗಳೂರಿನಲ್ಲಿ ನೀರು ಸುಮಾರು 100 ಡಿಗ್ರಿಯಲ್ಲಿ ಕುದಿದರೆ ಬೆಂಗಳೂರಿನಲ್ಲಿ ಸುಮಾರು 97, ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಂಗಳೂರಿನಲ್ಲಿ 97 ತೋರಿಸುವ ಮಾಪಕ ಸರಿಯಾಗಿಯೇ ಇದೆ ಎಂದರ್ಥ.

ಕಟ್ಟಿಗೆಯ ಆಯ್ಕೆ

ಅಮೆರಿಕದಲ್ಲಿ ಹಿಕರಿ, ಓಕ್, ಸೇಬು, ಚೆರ್ರಿ ಮತ್ತು ಮೆಸ್ಕೀಟ್ ಮರಗಳ ಚೂರುಗಳು ಹೆಚ್ಚು ಬಳಕೆಯಲ್ಲಿವೆ. ಪೆಸಿಫಿಕ್ ಕರಾವಳಿಯಲ್ಲಿ ಸಾಲ್ಮನ್ ಮೀನಿಗೆ ಆಲ್ಡರ್ ಮರ ಪ್ರಸಿದ್ಧ. ಹಿಕರಿ ಮತ್ತು ಮೆಸ್ಕೀಟ್‌ಗಳ ಹೊಗೆ ಗಾಢವಾದುದು, ಹಣ್ಣಿನ ಮರಗಳದ್ದು ಮೃದು. ಭಾರತದಲ್ಲಿ ಚೆನ್ನಾಗಿ ಒಣಗಿದ ಮಾವು ಹಾಗೂ ಸೀಬೆಯ ಕಟ್ಟಿಗೆಯನ್ನು ಬಳಸಬಹುದು.

ಪೈನ್ ಮೊದಲಾದ ರಾಳವಿರುವ ಮರಗಳು ಕಹಿಯಾದ, ಮಸಿಹಿಡಿಯುವ ಹೊಗೆ ಕೊಡುತ್ತವೆ. ಬಣ್ಣ ಬಳಿದ, ಪಾಲಿಶ್ ಮಾಡಿದ, ಗೆದ್ದಲು ನಿರೋಧಕ ಹಚ್ಚಿದ ಹಲಗೆಗಳನ್ನೂ ಪ್ಲೈವುಡ್ ತುಂಡುಗಳನ್ನೂ ಎಂದೂ ಬಳಸಬಾರದು. ಕಣಗಿಲೆಯಂತಹ ವಿಷಸಸ್ಯಗಳ ಕಟ್ಟಿಗೆಯ ಹೊಗೆಯೂ ಅಪಾಯಕಾರಿ. ಚೂರುಗಳನ್ನು ನೀರಿನಲ್ಲಿ ನೆನೆಸುವ ರೂಢಿ ಹಲವೆಡೆ ಇದೆ. ಆದರೆ ನೆನೆದ ಚೂರು ಹೊಗೆಯಾಡುವ ಮುನ್ನ ತನ್ನ ನೀರನ್ನೆಲ್ಲ ಆವಿಯಾಗಿ ಬಿಡಬೇಕಾದ್ದರಿಂದ ಆರಂಭ ತಡವಾಗುತ್ತದೆ. ಮೊದಲು ಕಾಣುವ ಬಿಳಿಮೋಡ ಬಹುಪಾಲು ನೀರಾವಿಯೇ.

ಬೇಯಿಸುವ ಕ್ರಮ

ಪೆಟ್ಟಿಗೆಯನ್ನು ಮುಂಚಿತವಾಗಿ 30ರಿಂದ 45 ನಿಮಿಷ ಕಾಯಿಸಿ, ನೀರಿನ ಪಾತ್ರೆಗೆ ಬಿಸಿನೀರು ತುಂಬಿ, ಮಾಂಸವನ್ನು ಜಾಲರಿಯ ಮೇಲೆ ತುಂಡುಗಳ ನಡುವೆ ಗಾಳಿಯಾಡುವಂತೆ ಜೋಡಿಸಲಾಗುತ್ತದೆ. ಬಿಸಿ ಹೊಗೆಪಾಕಕ್ಕೆ 107ರಿಂದ 121 ಡಿಗ್ರಿ ಸಾಮಾನ್ಯ ತಾಪ. ಹಂದಿಯ ಭುಜದಂತಹ ಗಟ್ಟಿ ಭಾಗ 107 ಡಿಗ್ರಿಯಲ್ಲಿ ಕಿಲೋಗೆ ಸುಮಾರು 3ರಿಂದ 4 ಗಂಟೆ ತೆಗೆದುಕೊಳ್ಳುತ್ತದೆ. ಮೊದಲ ಎರಡು ಮೂರು ಗಂಟೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಚೂರು ಸೇರಿಸಿದರೆ ಸಾಕು. ಬಾಗಿಲನ್ನು ಪದೇ ಪದೇ ತೆರೆಯುವುದರಿಂದ ಶಾಖ ನಷ್ಟವಾಗಿ ಬೇಯುವ ಕಾಲ ಬಹಳವಾಗಿ ಹೆಚ್ಚುತ್ತದೆ.

ದೊಡ್ಡ ತುಂಡುಗಳಲ್ಲಿ ಒಳತಾಪ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಬಂದು ಗಂಟೆಗಟ್ಟಲೆ ನಿಂತುಬಿಡುವುದುಂಟು. ಮಾಂಸದ ಮೇಲ್ಮೈಯಿಂದ ಆವಿಯಾಗುವ ನೀರು ಮಾಂಸವನ್ನು ತಂಪಾಗಿಸುವುದೇ ಇದಕ್ಕೆ ಕಾರಣ. ಬೆವರು ದೇಹವನ್ನು ತಂಪಾಗಿಸುವುದೂ ಇದೇ ರೀತಿಯಲ್ಲಿ. ಇದನ್ನು ಯಂತ್ರದ ದೋಷವೆಂದು ತಿಳಿದು ತಾಪವನ್ನು ವಿಪರೀತ ಏರಿಸಬೇಕಾಗಿಲ್ಲ. ಕಾಯಬಹುದು, ಅಥವಾ ಮಾಂಸವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಆವಿಯನ್ನು ತಡೆಯಬಹುದು. ಗಟ್ಟಿ ಭಾಗಗಳು ಒಳತಾಪ 90ರಿಂದ 96 ಡಿಗ್ರಿ ತಲುಪಿದಾಗ ಅವುಗಳ ಕೊಲಾಜನ್ ಜೆಲಟಿನ್ ಆಗಿ ಕರಗಿ ಮಾಂಸ ಎಳೆಎಳೆಯಾಗಿ ಬಿಡುತ್ತದೆ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ಯಂತ್ರ ಚಾಲೂ ಆಗದಿರುವುದು: ಅದೇ ಹೊರಿಗೆಗೆ ಬೇರೊಂದು ಉಪಕರಣವನ್ನು ಜೋಡಿಸಿ ಮೊದಲು ಹೊರಿಗೆಯನ್ನು ಪರೀಕ್ಷಿಸಬೇಕು. ಅದು ಸರಿಯಿದ್ದರೆ ನಿಯಂತ್ರಕದ ಪ್ಲಗ್ಗು ಪೂರ್ತಿ ಕೂತಿದೆಯೇ ಎಂದು ನೋಡಬೇಕು.

ರಕ್ಷಣಾ ಸ್ವಿಚ್ಚು ಮತ್ತೆ ಮತ್ತೆ ಬೀಳುವುದು: ತಾಪಕ ಸುರುಳಿಯ ಒಳಗೆ ಅವಾಹಕವಾಗಿ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಗಾಳಿಯ ತೇವವನ್ನು ಹೀರುತ್ತದೆ. ಬಹುಕಾಲ ಉಗ್ರಾಣದಲ್ಲಿದ್ದ ಅಥವಾ ಮಳೆಗಾಲದಲ್ಲಿ ಹೊರಗಿಟ್ಟ ಯಂತ್ರಗಳಲ್ಲಿ ಇದರಿಂದ ವಿದ್ಯುತ್ತು ಸೋರಬಹುದು. ಉಪಕರಣವನ್ನು ಒಣಹವೆಯಲ್ಲಿ ಕೆಲವು ದಿನ ಇರಿಸಿ ಮತ್ತೆ ಪರೀಕ್ಷಿಸಬೇಕು. ಆಗಲೂ ಸ್ವಿಚ್ಚು ಬಿದ್ದರೆ ಸುರುಳಿಯನ್ನು ಬದಲಿಸಬೇಕು. ರಕ್ಷಣಾ ಸ್ವಿಚ್ಚನ್ನು ತಪ್ಪಿಸಿ ಬೇರೆ ಮಾರ್ಗದಿಂದ ವಿದ್ಯುತ್ ಕೊಡುವುದು, ನೆಲಸಂಪರ್ಕದ ಕಡ್ಡಿಯನ್ನು ಕಿತ್ತುಹಾಕುವುದು ಜೀವಕ್ಕೇ ಅಪಾಯ.

ನಿಗದಿತ ತಾಪವನ್ನು ಮುಟ್ಟದಿರುವುದು: ಬಲವಾದ ಗಾಳಿ, ಉದ್ದದ ತೆಳು ತಂತಿ, ಬಾಗಿಲ ಸಂದು, ತಣ್ಣೀರು ತುಂಬಿದ ಪಾತ್ರೆ, ಶೀತಕಪಾಟಿನಿಂದ ತೆಗೆದ ಮಾಂಸವನ್ನು ಅತಿಯಾಗಿ ತುಂಬಿರುವುದು ಇವು ಸಾಮಾನ್ಯ ಕಾರಣಗಳು. ಇವೆಲ್ಲ ಸರಿಯಿದ್ದೂ ಖಾಲಿ ಪೆಟ್ಟಿಗೆ ಕಾಯದಿದ್ದರೆ ಪ್ಲಗ್ಗನ್ನು ಕಿತ್ತು, ಪೂರ್ತಿ ಆರಿದ ನಂತರ ಸುರುಳಿಯ ರೋಧವನ್ನು ಅಳೆಯಬಹುದು. 230 ವೋಲ್ಟಿನ 800 ವ್ಯಾಟ್ ಸುರುಳಿಗೆ ಅದು ಸುಮಾರು 66 ಓಮ್ ಇರಬೇಕು. ಅನಂತ ರೋಧ ತೋರಿಸಿದರೆ ಸುರುಳಿ ಕಡಿದಿದೆ ಎಂದರ್ಥ. ರೋಧ ಸರಿಯಿದ್ದರೆ ಸುರುಳಿಯ ತುದಿಯ ಜೋಡಣೆಗಳು ಕರಕಲಾಗಿವೆಯೇ ಎಂದು ಅರ್ಹ ತಂತ್ರಜ್ಞರಿಂದ ನೋಡಿಸಬೇಕು. ಖಾತರಿಯ ಅವಧಿಯಲ್ಲಿ ಯಂತ್ರವನ್ನು ಬಿಚ್ಚದಿರುವುದು ಲೇಸು.

ತಾಪ ಮೇಲೆ ಕೆಳಗೆ ಆಡುವುದು: ಆರು–ಹೊತ್ತು ಕ್ರಮದ ನಿಯಂತ್ರಕಗಳಲ್ಲಿ ನಿಗದಿತ ಮಟ್ಟದಿಂದ ಹತ್ತು ಡಿಗ್ರಿಯಷ್ಟು ಏರಿಳಿತ ಸಹಜ. ಸರಾಸರಿ ಮುಖ್ಯವೇ ಹೊರತು ಕ್ಷಣದ ಅಂಕಿಯಲ್ಲ. ಏರಿಳಿತ ವಿಪರೀತವಾಗಿದ್ದರೆ ಸಂವೇದಕಕ್ಕೆ ಮಸಿ ಅಂಟಿರಬಹುದು ಅಥವಾ ತಣ್ಣನೆಯ ಮಾಂಸ ಅದಕ್ಕೆ ತಾಗಿರಬಹುದು. ಮಾಂಸ ತಾಗಿದ ಸಂವೇದಕ ಕಡಿಮೆ ತಾಪ ತೋರಿಸಿ ಪೆಟ್ಟಿಗೆಯನ್ನು ಅತಿಯಾಗಿ ಕಾಯಿಸುತ್ತದೆ.

ಹೊಗೆ ಬಾರದಿರುವುದು: ಪೆಟ್ಟಿಗೆ ಆಗಲೇ ಬಿಸಿಯಾಗಿ ಸುರುಳಿ ಹೆಚ್ಚು ಹೊತ್ತು ಆರಿರುವುದು ಇದಕ್ಕೆ ಮುಖ್ಯ ಕಾರಣ. ಸುರುಳಿ ಉರಿಯುತ್ತಿರುವ ಆರಂಭದ ಹಂತದಲ್ಲಿ ಚೂರು ಹಾಕುವುದು, ಒಣಚೂರು ಬಳಸುವುದು ಪರಿಹಾರ. ಇದೂ ಸಾಲದಿದ್ದರೆ ಸುರುಳಿಯನ್ನು ಅವಲಂಬಿಸದೆ ತಾನೇ ಹೊಗೆಯಾಡುವ, ರಂಧ್ರಗಳುಳ್ಳ ಪ್ರತ್ಯೇಕ ಹೊಗೆಕೊಳವೆಯನ್ನು ಕೈಪಿಡಿ ಅನುಮತಿಸಿದರೆ ಒಳಗಿಡಬಹುದು.

ದಟ್ಟ ಬಿಳಿಹೊಗೆ ಮತ್ತು ಕಹಿರುಚಿ: ಅತಿಯಾದ ಚೂರು, ಹಸಿ ಕಟ್ಟಿಗೆ, ಮುಚ್ಚಿದ ಹೊಗೆಕಿಂಡಿ ಇವು ಕಾರಣಗಳು. ಹೊಗೆ ಹರಿಯದೆ ಒಳಗೇ ನಿಂತಾಗ ಅದರ ಟಾರು ಮಾಂಸದ ಮೇಲೆ ಕೂರುತ್ತದೆ. ಕಿಂಡಿಯನ್ನು ತೆರೆದು ಚೂರನ್ನು ಕಡಿಮೆ ಮಾಡಬೇಕು. ಕಣ್ಣಿಗೆ ಅಷ್ಟಾಗಿ ಕಾಣದ ತೆಳುನೀಲಿ ಹೊಗೆಯೇ ಉತ್ತಮ.

ಚೂರುಗಳಿಗೆ ಜ್ವಾಲೆ ಹತ್ತುವುದು: ಕಾದ ಚೂರಿಗೆ ಬಾಗಿಲು ತೆರೆದಾಗ ಹೊಸಗಾಳಿ ಸಿಕ್ಕರೆ ಹೀಗಾಗುತ್ತದೆ. ಬಾಗಿಲನ್ನು ಮುಚ್ಚಿ, ಪ್ಲಗ್ಗನ್ನು ಕೀಳಬೇಕು. ಕೊಬ್ಬಿಗೆ ಬೆಂಕಿ ಹತ್ತಿದ್ದರೂ ಇದೇ ಕ್ರಮ, ನೀರು ಸುರಿಯಬಾರದು.

ಕಪ್ಪು ಹನಿಗಳು ತೊಟ್ಟಿಕ್ಕುವುದು: ತಂಪಾದ ಒಳಗೋಡೆಯ ಮೇಲೆ ಆವಿಯೂ ಹೊಗೆಯೂ ಸೇರಿ ದ್ರವವಾಗುವುದರಿಂದ ಹೀಗಾಗುತ್ತದೆ. ಮುಂಚಿತವಾಗಿ ಕಾಯಿಸುವುದು, ಕಿಂಡಿಯನ್ನು ತೆರೆದಿಡುವುದು, ಮೇಲ್ಛಾವಣಿಯನ್ನು ಆಗಾಗ ಒರೆಸುವುದು ಪರಿಹಾರ.

ಕೋಳಿಯ ಚರ್ಮ ರಬ್ಬರಿನಂತಾಗುವುದು: ಕಡಿಮೆ ಶಾಖ ಮತ್ತು ಹೆಚ್ಚು ತೇವದಲ್ಲಿ ಚರ್ಮದ ಕೊಬ್ಬು ಸರಿಯಾಗಿ ಕರಗುವುದಿಲ್ಲ. ನೀರಿನ ಪಾತ್ರೆಯನ್ನು ಖಾಲಿ ಬಿಟ್ಟು ಯಂತ್ರದ ಗರಿಷ್ಠ ತಾಪದಲ್ಲಿ ಬೇಯಿಸಬೇಕು, ಅಥವಾ ಕೊನೆಯಲ್ಲಿ ಬಿಸಿ ಒಲೆಗೆ ಬದಲಿಸಬೇಕು.

ಆಹಾರ ಸುರಕ್ಷತೆ

ಹೊಗೆಪಾಕದಲ್ಲಿ ಮಾಂಸ ನಿಧಾನವಾಗಿ ಬಿಸಿಯಾಗುವುದರಿಂದ ಸುರಕ್ಷತೆಯ ಪ್ರಶ್ನೆ ಇತರ ಅಡುಗೆಗಳಿಗಿಂತ ಹೆಚ್ಚು ಮುಖ್ಯವಾಗುತ್ತದೆ. 4ರಿಂದ 60 ಡಿಗ್ರಿಯವರೆಗಿನ ತಾಪದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ವೃದ್ಧಿಸುತ್ತವೆ. ಆದುದರಿಂದ ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಸ್ಮೋಕರ್‌ಗೆ ಹಾಕಬಾರದು. ಶೀತಕಪಾಟಿನಲ್ಲಿ ಪೂರ್ತಿ ಕರಗಿಸಿದ ನಂತರವೇ ಬಳಸಬೇಕು. ಅಮೆರಿಕದ ಕೃಷಿ ಇಲಾಖೆ ಸೂಚಿಸುವ ಕನಿಷ್ಠ ಒಳತಾಪಗಳು ಹೀಗಿವೆ: ಕೋಳಿ ಮತ್ತಿತರ ಪಕ್ಷಿಮಾಂಸಕ್ಕೆ 74 ಡಿಗ್ರಿ, ಕೊಚ್ಚಿದ ದನ, ಹಂದಿ, ಕುರಿಮಾಂಸಗಳಿಗೆ 71 ಡಿಗ್ರಿ, ಇವುಗಳ ಇಡೀ ತುಂಡುಗಳಿಗೆ 63 ಡಿಗ್ರಿ ಹಾಗೂ ಬಳಿಕ 3 ನಿಮಿಷ ವಿರಾಮ. ಮಾಂಸದ ಬಣ್ಣವನ್ನು ನೋಡಿ ಬೆಂದಿದೆ ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಹೊಗೆ ಮಾಂಸದ ಬಣ್ಣವನ್ನೇ ಬದಲಿಸುತ್ತದೆ.

ನಡುವೆ ವಿದ್ಯುತ್ತು ಹೋದರೆ ಬಾಗಿಲನ್ನು ತೆರೆಯದೆ ಇರಬೇಕು. ಬೇಗನೆ ಬಾರದಿದ್ದರೆ ಮಾಂಸವನ್ನು ಗ್ಯಾಸ್ ಒಲೆಯಲ್ಲಿ ಕೂಡಲೇ ಪೂರ್ತಿ ಬೇಯಿಸಬೇಕು. ಅರೆಬೆಂದ ಮಾಂಸವನ್ನು ಗಂಟೆಗಟ್ಟಲೆ ಬೆಚ್ಚಗೆ ಬಿಟ್ಟು ಮತ್ತೆ ಕಾಯಿಸುವುದು ಸುರಕ್ಷಿತವಲ್ಲ. ಕೆಲವು ಬ್ಯಾಕ್ಟೀರಿಯಾಗಳ ವಿಷ ಕಾಯಿಸಿದರೂ ನಾಶವಾಗುವುದಿಲ್ಲ. ಬೆಂದ ಮಾಂಸವನ್ನು 2 ಗಂಟೆಗಳೊಳಗೆ, ಹೊರಗಿನ ತಾಪ 32 ಡಿಗ್ರಿ ಮೀರಿದ್ದರೆ 1 ಗಂಟೆಯೊಳಗೆ, ಶೀತಕಪಾಟಿಗೆ ಸೇರಿಸಬೇಕು.

30 ಡಿಗ್ರಿಗೂ ಕಡಿಮೆ ತಾಪದ ತಣ್ಣನೆಯ ಹೊಗೆಯೂಡಿಕೆಯಲ್ಲಿ ಮಾಂಸ ಬೇಯುವುದೇ ಇಲ್ಲ. ಅದರಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂನಂತಹ ಬ್ಯಾಕ್ಟೀರಿಯಾಗಳನ್ನು ತಡೆಯಲು ಉಪ್ಪು ಮತ್ತು ನೈಟ್ರೈಟ್‌ಗಳನ್ನು ನಿಖರ ಪ್ರಮಾಣದಲ್ಲಿ ಬಳಸಬೇಕಾಗುತ್ತದೆ. ತರಬೇತಿಯಿಲ್ಲದೆ ಮನೆಯಲ್ಲಿ ಇದನ್ನು ಪ್ರಯೋಗಿಸುವುದು ಸೂಕ್ತವಲ್ಲ.

ಕಟ್ಟಿಗೆಯ ಹೊಗೆಯಲ್ಲಿ ಬೆಂಜೊಪೈರೀನ್ ಮೊದಲಾದ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಂಸ್ಕರಿತ ಮಾಂಸವನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಹೊಗೆಯೂಡಿಸಿದ ಮಾಂಸವೂ ಸಂಸ್ಕರಿತ ಮಾಂಸದ ವ್ಯಾಖ್ಯೆಯಲ್ಲಿ ಬರುತ್ತದೆ. ಇಂತಹ ಆಹಾರವನ್ನು ಮಿತವಾಗಿ ಸೇವಿಸುವುದು ಒಳಿತು.

ಸ್ವಚ್ಛತೆ ಮತ್ತು ಸಂಗ್ರಹಣೆ

ಪ್ರತಿ ಬಳಕೆಯ ನಂತರ ಬೂದಿ, ಉಳಿದ ನೀರು ಮತ್ತು ಎಣ್ಣೆಯನ್ನು ತೆಗೆಯಬೇಕು. ಬೂದಿಯನ್ನು ಪೂರ್ತಿ ಆರಿದ ಮೇಲೆಯೇ ಲೋಹದ ಪಾತ್ರೆಗೆ ಹಾಕಬೇಕು, ಏಕೆಂದರೆ ಒಳಗೆ ಕೆಂಡ ಉಳಿದಿರಬಹುದು. ಒಳಗೋಡೆಯ ಕಂದುಲೇಪವನ್ನು ಉಜ್ಜಿ ತೆಗೆಯಬೇಕಾಗಿಲ್ಲ. ಆದರೆ ಪದರವಾಗಿ ಸುಲಿಯುವ ಮಸಿಯನ್ನು ತೆಗೆಯಬೇಕು. ಸಂವೇದಕ ಮತ್ತು ಬಾಗಿಲ ಪಟ್ಟಿಯನ್ನು ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಬೇಕು. ಪೆಟ್ಟಿಗೆಗೆ ಕೊಳವೆಯಿಂದ ನೀರು ಹಾಯಿಸಬಾರದು. ಮಲೆನಾಡು ಮತ್ತು ಕರಾವಳಿಯಂತಹ ಹೆಚ್ಚು ಮಳೆಯ ಪ್ರದೇಶಗಳಲ್ಲಿ ಒದ್ದೆ ಜಾಲರಿಗಳನ್ನು ಒಳಗಿಟ್ಟು ಬಾಗಿಲು ಮುಚ್ಚಿದರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬಾಗಿಲನ್ನು ಸ್ವಲ್ಪ ತೆರೆದು, ಒಣಜಾಗದಲ್ಲಿ ಇರಿಸಬೇಕು. ಬಹುದಿನಗಳ ನಂತರ ಮತ್ತೆ ಬಳಸುವಾಗ ಮೊದಲ ಸಲದಂತೆಯೇ ಖಾಲಿ ಪೆಟ್ಟಿಗೆಯನ್ನು ಒಮ್ಮೆ ಕಾಯಿಸಿದರೆ ಸುರುಳಿಯ ತೇವವೂ ಒಳಗಿನ ಹಳಸು ವಾಸನೆಯೂ ಹೋಗುತ್ತವೆ.